ಡೀಸೆಲ್ ಅಕ್ಕನ ಸವತಿ

“ಡೀಸೆಲ್ ಅಕ್ಕನಿಗೆ ಗುಟ್ಟು ಹೇಳಿದ್ರೆ ಅವಳು ಯಾರಿಗೂ ಹೇಳಲ್ಲ. ಆದ್ರೆ ಕೇಳಿಸಿಕೊಂಡು ‘ಹೌದಾ’ ಅಂತಾಳಲ್ಲ, ಅಷ್ಟಕ್ಕೇ ಮೂರು ಬೀದಿಗೆ ಗೊತ್ತಾಗುತ್ತೆ” ಎಂದು ನೆರೆಹೊರೆಯವರು ಆಡಿಕೊಳ್ಳುತ್ತಿದ್ದರು. ಅವಳು ಹುಟ್ಟಿ ಮೊದಲ ಸಲ ಅತ್ತಾಗಲೇ ಸೂಲಗಿತ್ತಿಯ ಒಂದು ಕಿವಿ ಹೋಯಿತು ಎಂಬುದು ದರ್ಜಿಯ ಹೆಂಡತಿಯ ಮಾತು. ಅವಳ ಮೈಯಲ್ಲಿ ಹರಿಯುವುದು ಅರ್ಧ ರಕ್ತ ಅರ್ಧ ಡೀಸೆಲ್, ಪಕ್ಕದಲ್ಲಿ ನಿಂತು ಸಿಗರೇಟು ಹಚ್ಚಬೇಡಿ ಎಂಬುದು ಕಿರಾಣಿ ಅಂಗಡಿಯವನ ಎಚ್ಚರಿಕೆ. ಇಷ್ಟೆಲ್ಲ ಆಡಿಕೊಂಡವರೇ ಹೊತ್ತು ಇಳಿಯುತ್ತಿದ್ದ ಹಾಗೆ ಅವಳ ಕೂಗಿಗೆ ಕಿವಿ ಕೊಟ್ಟು ಕೂರುತ್ತಿದ್ದರು. ಯಾಕೆಂದರೆ ಆ ಬೀದಿಯ ಬೆಳಕು ಅವಳ ಕೈಯಲ್ಲಿತ್ತು.

ಊರಿನ ಕರೆಂಟು ಆ ಬೀದಿಗೆ ಮುನಿಸಿಕೊಂಡ ಅಳಿಯನ ಹಾಗೆ. ಹಗಲಲ್ಲಿ ಬಂದು ಮುಖ ತೋರಿಸಿ, ಕತ್ತಲಾಗುವಷ್ಟರಲ್ಲಿ ಹೊರಟೇಬಿಡುತ್ತಿತ್ತು. ಆಮೇಲೆ ಉಳಿಯುವುದು ಡೀಸೆಲ್ ಅಕ್ಕನ ಮನೆಗೆ ಅಂಟಿಕೊಂಡ ತಗಡಿನ ಶೆಡ್ಡು, ಅದರೊಳಗೆ ಕೂತ ಜನರೇಟರ್. ಆನೆಮರಿಯ ಗಾತ್ರ, ಕಾಡಿಗೆಯ ಬಣ್ಣ. ಮುಚ್ಚಿಹೋದ ಒಂದು ಗಿರಣಿಯಿಂದ ಅದನ್ನು ತಂದವನು ಅವಳ ಗಂಡ, ಅದೂ ಮದುವೆಗೆ ಮೊದಲೇ. ಬೆಳಿಗ್ಗೆ ಎದ್ದು ಮೊದಲು ಅದರ ಮೈ ಒರೆಸಿ, ಆಮೇಲೆ ತನ್ನ ಮುಖ ತೊಳೆಯುವ ಮನುಷ್ಯ. ಹೊಸದಾಗಿ ಬಂದ ಹೆಂಡತಿ ಕೆಲವು ದಿನ ಸುಮ್ಮನೆ ನೋಡಿದಳು. ಕೊನೆಗೆ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು:

“ಮೊದಲೇ ಒಬ್ಬಳನ್ನ ತಂದು ಇಟ್ಕೊಂಡಿದೀರಿ ಅಂತ ನಮ್ಮಪ್ಪನಿಗೆ ಯಾಕೆ ಹೇಳಲಿಲ್ಲ?”

ಅಂದಿನಿಂದ ಆ ಯಂತ್ರಕ್ಕೆ ‘ಸವತಿ’ ಎಂಬ ಹೆಸರು ಖಾಯಂ ಆಯಿತು. ಬೀದಿಯ ಮಕ್ಕಳೂ ಹಾಗೇ ಕರೆದವು. ನಾಲ್ಕಾರು ವರ್ಷ ಮೂವರೂ ಚೆನ್ನಾಗಿಯೇ ಬಾಳಿದರು. ಆಮೇಲೆ ಒಂದು ದಿನ ಎದೆ ಹಿಡಿದುಕೊಂಡು ಮಲಗಿದ ಗಂಡ ಏಳಲಿಲ್ಲ. “ಗಂಡ ಹೋದ, ಸವತಿ ಉಳಿದಳು. ಇಂಥ ಹಣೆಬರಹ ಇನ್ಯಾರಿಗಾದ್ರೂ ಉಂಟಾ?” ಎಂದು ಅಕ್ಕ ಅಳುತ್ತ ಅಳುತ್ತಲೇ ನಕ್ಕುಬಿಟ್ಟಳಂತೆ. ಕಂಕುಳಲ್ಲಿ ಮಗಳು, ಎದುರಿಗೆ ಸವತಿ. ತೋಳೇರಿಸಿ ಶೆಡ್ಡಿನೊಳಗೆ ಹೋದಳು. ಹೋದವಳು ಬೀದಿಯ ದೀಪವಾದಳು.

ಸಂಜೆ ಶೆಡ್ಡಿನ ಬಾಗಿಲಲ್ಲಿ ನಿಂತು “ಬಟ್ಟೇ...” ಎಂದು ಒಂದು ಕೂಗು ಹಾಕುವಳು. ಅಷ್ಟೇ, ಬೀದಿಯ ಉದ್ದಕ್ಕೂ ಮಹಡಿಯ ಮೇಲೆ, ಕಿಟಕಿಯ ಹೊರಗೆ ಒಣಗಿಹಾಕಿದ್ದ ಬಟ್ಟೆಯೆಲ್ಲ ಬಿರುಗಾಳಿ ಬಂದಂತೆ ಒಳಗೆ ಓಡುತ್ತಿತ್ತು. ಸವತಿ ಉಗುಳುವ ಮಸಿ ಅಂಥದ್ದು. ಕೂಗು ತಪ್ಪಿಸಿಕೊಂಡವರ ಮನೆಯ ಹೊದಿಕೆ ಬೆಳಿಗ್ಗೆಗೆ ಕರಡಿಯಾಗಿರುತ್ತಿತ್ತು. ದರ್ಜಿಯಂತೂ ತನ್ನ ಅಂಗಡಿಯಲ್ಲಿ ಬಿಳಿ ಬಟ್ಟೆಯನ್ನೇ ಇಡುತ್ತಿರಲಿಲ್ಲ. “ನಾಳೆ ಹೇಗೂ ಬೂದಿ ಬಣ್ಣ ಆಗುತ್ತೆ. ಇವತ್ತೇ ಬೂದಿ ಬಣ್ಣದ್ದು ಹೊಲಿಸ್ಕೊಳ್ಳಿ, ಕಣ್ಣೀರು ಉಳಿಯುತ್ತೆ” ಎನ್ನುತ್ತಿದ್ದ.

ಇನ್ನೊಂದು ನೇಮವೂ ಇತ್ತು. ಸವತಿ ಏಳುವಾಗ ಒಮ್ಮೆ ಒದೆಯುತ್ತಾಳೆ. ಆ ಒದೆತಕ್ಕೆ ಸಿಕ್ಕ ಬಲ್ಬು ಉಳಿಯುವುದಿಲ್ಲ. ಅದಕ್ಕೇ ಎಲ್ಲರೂ ಎಲ್ಲ ಸ್ವಿಚ್ಚುಗಳನ್ನು ಆರಿಸಿಕೊಂಡು ಕತ್ತಲಲ್ಲಿ ಕೂರಬೇಕು. ಗಡಗಡ ಸದ್ದು ಹದಕ್ಕೆ ಬಂದು, ಗೋಡೆಗಳೆಲ್ಲ ಒಂದೇ ಸಮ ಗುಂಯ್‌ಗುಟ್ಟತೊಡಗಿದ ಮೇಲೆ ಸ್ವಿಚ್ಚು ಒತ್ತಬೇಕು. ಬೀದಿಯಲ್ಲಿ ಈ ನೇಮ ಪಾಲಿಸದವನು ಒಬ್ಬನೇ, ಬಡಗಿ ತಾತ. ಪಾಪ, ಅವನಿಗೆ ಕಿವಿ ಪೂರಾ ಕೇಳದು. ಕತ್ತಲಾಯಿತೋ, ಅವನು ಸ್ವಿಚ್ಚು ಒತ್ತಿಯಾಯಿತು. ಅವನ ಮನೆಯಲ್ಲಿ ಸುಟ್ಟಷ್ಟು ಬಲ್ಬು ಇನ್ಯಾರ ಮನೆಯಲ್ಲೂ ಸುಟ್ಟಿಲ್ಲ.

ಮೊದಮೊದಲು ಮನೆಗೊಂದು ಬಲ್ಬು ಸಾಕಾಗಿತ್ತು. ಆಮೇಲೆ ಫ್ಯಾನು ಬಂತು, ಟಿವಿ ಬಂತು, ಫ್ರಿಜ್ಜು ಬಂತು. ಅದೂ ಸಾಲದೆ ಒಂದು ಕೊಂಡರೆ ಒಂದು ಉಚಿತ ಎಂದು ಅಂಗಡಿಗಳು ಸುರಿಯುತ್ತಿದ್ದ ಸಾಮಾನೆಲ್ಲ ಬಂತು. ಪಾದ ತಿಕ್ಕುವ ಯಂತ್ರ, ಬೆಳ್ಳುಳ್ಳಿ ಸುಲಿಯುವ ಯಂತ್ರ, ಗೋಡೆಗೆ ನೇತುಹಾಕಿದರೆ ನೀರು ಹರಿದ ಹಾಗೆ ಮಿನುಗುವ ಜಲಪಾತದ ಚಿತ್ರ. ನಲ್ಲಿಯಲ್ಲಿ ನೀರು ಬಾರದ ಮನೆಗಳಲ್ಲೂ ಗೋಡೆಯ ಮೇಲೆ ಜಲಪಾತ ಧುಮುಕುತ್ತಿತ್ತು.

ಭಾರ ಏರಿದ ಹಾಗೆ ಸವತಿಯ ಹೊಟ್ಟೆಯೂ ಏರಿತು. ಡೀಸೆಲ್ಲಿನ ಬೆಲೆ ಒಮ್ಮೆ ಹತ್ತಿದ ಮೆಟ್ಟಿಲನ್ನು ಮತ್ತೆ ಇಳಿಯುವ ಜಾತಿಯದಲ್ಲ. “ಸಮುದ್ರದಾಚೆ ಯಾರೋ ಇಬ್ಬರು ಜಗಳ ಆಡಿದ್ರೆ ನಮ್ಮ ಬೀದೀಲಿ ಯಾಕಕ್ಕ ರೇಟು ಏರಬೇಕು?” ಎಂದು ಕಿರಾಣಿಯವನು ಕೇಳಿದರೆ, “ನನ್ನ ಕೇಳಿದ್ರೆ? ತಿನ್ನೋಳು ಅವಳು, ಅವಳನ್ನೇ ಕೇಳು” ಎಂದು ಅಕ್ಕ ಶೆಡ್ಡಿನ ಕಡೆ ಕೈ ತೋರಿಸುತ್ತಿದ್ದಳು. ಬೀದಿ ದುಡಿದದ್ದರಲ್ಲಿ ದೊಡ್ಡ ಪಾಲು ಪ್ರತಿ ಸಂಜೆ ಆ ಕೊಳವೆಯಲ್ಲಿ ಹೊಗೆಯಾಗಿ ಮೇಲೇರುತ್ತಿತ್ತು. ಅಕ್ಕನ ಕೈಯಲ್ಲಾದರೂ ನಿಂತಿತೇ ಅಂದರೆ ಅದೂ ಇಲ್ಲ. ಈ ಕೈಯಲ್ಲಿ ಬಂದದ್ದು ಆ ಕೈಯಲ್ಲಿ ಪಂಪಿನವನಿಗೆ.

ಹಾಗೆ ಕೊಂಡ ಸಾಮಾನು ಬಹಳ ದಿನ ಬಾಳುತ್ತಲೂ ಇರಲಿಲ್ಲ. ಸವತಿಗೆ ಸಿಟ್ಟು ಬಂದ ದಿನ ಯಾರದೋ ಮಿಕ್ಸರು ಸುಡುತ್ತಿತ್ತು, ಯಾರದೋ ಟಿವಿ ‘ಠುಸ್’ ಎನ್ನುತ್ತಿತ್ತು. ಸುಟ್ಟದ್ದನ್ನು ತಂದು ಅಕ್ಕನ ಹಿತ್ತಲಿಗೆ ಎಸೆಯುವುದು ಆ ಬೀದಿಯ ಪದ್ಧತಿ. “ನಿನ್ನ ಸವತಿ ಕೊಂದಿದ್ದು, ನೀನೇ ಮಣ್ಣು ಮಾಡು.” ವರ್ಷಗಳು ಕಳೆದಂತೆ ಹಿತ್ತಲಲ್ಲಿ ಸತ್ತ ಸಾಮಾನುಗಳ ಒಂದು ಗುಡ್ಡವೇ ಬೆಳೆಯಿತು. ಅದರ ಬುಡದಲ್ಲಿ ಸವತಿ ಕಾರಿದ ಕರಿ ಎಣ್ಣೆ ಇಂಗಿ ಇಂಗಿ, ಹುಲ್ಲುಕಡ್ಡಿಯೂ ತಲೆ ಎತ್ತದ ನೆಲ. ಮಳೆ ಬಂದರೆ ಅಲ್ಲಿ ನಿಂತ ನೀರಿನಲ್ಲಿ ಕಾಮನಬಿಲ್ಲು ಕಾಣುತ್ತಿತ್ತು. ಚೆಂದವೇನೋ ಹೌದು, ಆದರೆ ಕಾಗೆಯೂ ಅದನ್ನು ಕುಡಿಯುತ್ತಿರಲಿಲ್ಲ.

ಇದನ್ನೆಲ್ಲ ಅಕ್ಕ ದಿನವೂ ನೋಡುತ್ತಿದ್ದಳು, ದಿನವೂ ನೋಡಿದ್ದು ಕಣ್ಣಿಗೆ ಬೀಳದು. ಬಿದ್ದದ್ದು ಮೊಮ್ಮಗಳು ಕೆಮ್ಮತೊಡಗಿದಾಗ.

ಮಗಳು ದೊಡ್ಡವಳಾಗಿ, ಮದುವೆಯಾಗಿ, ಅಳಿಯನನ್ನೂ ಕರೆದುಕೊಂಡು ತಾಯಿಯ ಮನೆಯಲ್ಲೇ ಸಂಸಾರ ಹೂಡಿದ್ದಳು. ಅವರ ಕೂಸಿಗೆ ಅಕ್ಕ ಇಟ್ಟ ಹೆಸರು ಗುಬ್ಬಿ. ಮಾತು ಬಂದ ದಿನದಿಂದ ಬಾಯಿಗೆ ಬೀಗವಿಲ್ಲದ ಹುಡುಗಿ. ಆದರೆ ಸಂಜೆಯಾದರೆ ಆ ಪುಟ್ಟ ಎದೆಯಲ್ಲಿ ತೂತುಬಿದ್ದ ಕೊಳಲು ಊದಿದ ಹಾಗೆ ಸುಂಯ್ ಸುಂಯ್ ಸದ್ದು. ಎರಡು ಮಾತಿಗೊಮ್ಮೆ ನಿಂತು ಉಸಿರು ಹುಡುಕಿಕೊಳ್ಳಬೇಕು. ಡಾಕ್ಟರಮ್ಮ ಎದೆಗೆ ಕೊಳವೆ ಇಟ್ಟು ಕೇಳಿ ಹುಬ್ಬು ಗಂಟಿಕ್ಕಿದರು.

“ಮನೇಲಿ ಯಾರು ಸಿಗರೇಟು ಸೇದೋದು?”

“ಯಾರೂ ಇಲ್ಲ ಡಾಕ್ಟ್ರೇ” ಎಂದಳು ಅಕ್ಕ.

“ಸವತಿ ಸೇದ್ತಾಳೆ. ದಿನಾ ಸಂಜೆ ಸೇದ್ತಾಳೆ” ಎಂದಿತು ಗುಬ್ಬಿ.

ಡಾಕ್ಟರಮ್ಮ ಒಮ್ಮೆ ಅಕ್ಕನ ಮುಖ ನೋಡಿದರು, ಒಮ್ಮೆ ಅಳಿಯನ ಮುಖ ನೋಡಿದರು. ಅಳಿಯ ಬೆವರಿಬಿಟ್ಟ. ಸವತಿ ಯಾರೆಂದು ಬಿಡಿಸಿ ಹೇಳಿದ ಮೇಲೆ ಎಲ್ಲರೂ ನಕ್ಕರು. ನಕ್ಕು ಮುಗಿಸಿ ಡಾಕ್ಟರಮ್ಮ ಹೇಳಿದರು: “ನಕ್ಕಿದ್ದಾಯ್ತಲ್ಲಮ್ಮ, ಈಗ ಕೇಳಿ. ಆ ಹೊಗೆ ಇರೋ ಕಡೆ ಈ ಮಗು ಇರಬಾರದು. ಇಬ್ಬರಲ್ಲಿ ಒಬ್ಬರು ಮನೆ ಬಿಡಬೇಕು.”

ಮಗಳು ಜಗಳ ಮಾಡಲಿಲ್ಲ. ಮಾಡಿದ್ದರೆ ಅಕ್ಕನಿಗೆ ಸುಲಭವಾಗುತ್ತಿತ್ತು, ಜಗಳದಲ್ಲಿ ಅವಳನ್ನು ಗೆದ್ದವರಿಲ್ಲ. ಮಗಳು ಸುಮ್ಮನೆ ಬಟ್ಟೆ ಮಡಿಸುತ್ತ ಹೇಳಿದಳು: “ಅಮ್ಮ, ನಮ್ಮನ್ನ ಸಾಕಿದ್ದು ಅವಳೇ, ನಂಗೊತ್ತು. ಆದ್ರೆ ನನ್ನ ಮಗು ಉಸಿರಾಡಬೇಕು. ಅವಳು ಮನೆ ಬಿಟ್ಟ ದಿನ ನಾವು ಮನೆಗೆ ಬರ್ತೀವಿ.”

ಊರಿನ ಇನ್ನೊಂದು ತುದಿಯಲ್ಲಿ ಬಾಡಿಗೆ ಕೋಣೆ ಹಿಡಿದು ಮೂವರೂ ಹೋದರು. ರಜೆಯ ದಿನ ಗುಬ್ಬಿ ಬರುತ್ತಿತ್ತು, ಅಜ್ಜಿಯ ತೊಡೆಯೇರಿ ವಾರದ ಮಾತನ್ನೆಲ್ಲ ಸುರಿಯುತ್ತಿತ್ತು, ಹೊತ್ತು ಇಳಿಯುವ ಮೊದಲೇ ಅದನ್ನು ಕಳಿಸಿಬಿಡಬೇಕಾಗುತ್ತಿತ್ತು. ಒಂದು ಸಲ ಬಾಗಿಲಲ್ಲಿ ನಿಂತು, “ಅಜ್ಜಿ, ಇವತ್ತೊಂದಿನ ಸವತಿಗೆ ರಜಾ ಕೊಡು” ಎಂದಿತು. ಆ ಸಂಜೆ ಅಕ್ಕನ ಕೂಗು ಎರಡನೇ ಮನೆಗೂ ಕೇಳಲಿಲ್ಲ. ಇಡೀ ಬೀದಿಯ ಬಟ್ಟೆ ಮಸಿಯಾಯಿತು.

ಮಾರನೆಯ ದಿನ ಅಕ್ಕ ಬೀದಿಯ ನಡುವೆ ಕುರ್ಚಿ ಹಾಕಿಕೊಂಡು ಕೂತು ಹೇಳಿದಳು: “ನಾನು ಸವತಿಯನ್ನ ಬಿಟ್ಟುಬಿಡ್ತೀನಿ.”

ಬೀದಿ ಬಾಯಿಬಾಯಿ ಬಡಿದುಕೊಂಡಿತು. “ಅಕ್ಕ, ಮದುವೆ ಬಟ್ಟೆ ಒಪ್ಪಿಕೊಂಡಿದೀನಿ. ಕತ್ತಲಲ್ಲಿ ಹೊಲಿದ್ರೆ ಮದುಮಗನ ತೋಳು ಕಾಲಿಗೆ ಬರುತ್ತೆ” ಎಂದ ದರ್ಜಿ.

“ಕತ್ತಲಲ್ಲಿ ಬಿಡ್ತೀನಿ ಅಂದ್ನಾ? ಮೇಲೆ ದಿನಾ ಬಿಟ್ಟಿಯಾಗಿ ಉರೀತಾನಲ್ಲ ಒಬ್ಬ, ಅವನನ್ನ ಕೆಲಸಕ್ಕೆ ಹಚ್ಚೋಣ.”

“ಸೂರ್ಯನ್ನಾ? ಅವನು ಸಂಜೆ ಹೊತ್ತಿಗೆ ಕೆಲಸ ಬಿಡ್ತಾನಲ್ಲಕ್ಕ” ಎಂದ ಕಿರಾಣಿಯವನು.

“ಹಗಲು ದುಡಿದಿದ್ದನ್ನ ಬ್ಯಾಟರೀಲಿ ಕೂಡಿಟ್ಟು ಹೋಗ್ತಾನೆ ಕಣಯ್ಯ. ನಿನ್ನ ಹಾಗಲ್ಲ.”

ಸೂರ್ಯನ ಹಲಗೆ ಕೂರಿಸುವ ಒಬ್ಬ ಹೆಂಗಸು ಬಂದಳು. ಹೆಗಲಿಂದ ತಂತಿಯ ಸುರುಳಿ ಇಳಿಸುತ್ತಲೇ ಇರಲಿಲ್ಲವಾದ್ದರಿಂದ ಬೀದಿ ಅವಳನ್ನು ತಂತಿಯಮ್ಮ ಎಂದಿತು. ಮನೆಮನೆಯ ಭಾರ ಲೆಕ್ಕ ಹಾಕಿ ಅವಳು ತಲೆ ಅಲ್ಲಾಡಿಸಿದಳು. “ಅಕ್ಕ, ಇಷ್ಟನ್ನ ಹೊರೋಕೆ ಎರಡು ಸೂರ್ಯ ಬೇಕು.”

“ಇರೋನು ಒಬ್ಬನೇ.”

“ಹಾಗಾದ್ರೆ ಭಾರ ಇಳಿಸಿ.”

ಅಕ್ಕ ಭಾರ ಇಳಿಸಲು ಮನೆಮನೆಗೆ ನುಗ್ಗಿದಳು. ಅಲ್ಲಿ ಕಂಡದ್ದನ್ನು ಅವಳು ಬದುಕಿರುವತನಕ ಹೇಳಿಕೊಂಡು ನಕ್ಕಳು. ದರ್ಜಿಯ ಮನೆಯ ಫ್ರಿಜ್ಜು ತೆರೆದರೆ ಒಳಗೆ ಮಡಿಸಿಟ್ಟ ಅಂಗಿಗಳು. “ಬೇಸಿಗೇಲಿ ತಣ್ಣಗಿರೋ ಅಂಗಿ ಹಾಕ್ಕೊಂಡು ನೋಡು ಅಕ್ಕ, ಆಮೇಲೆ ಮಾತಾಡು” ಎಂದಳು ದರ್ಜಿಯ ಹೆಂಡತಿ, ಕಿಂಚಿತ್ತೂ ನಾಚದೆ. ಕಿರಾಣಿಯವನ ದೊಡ್ಡ ಫ್ರೀಜರಿನಲ್ಲಿ ಒಂದೇ ಒಂದು ನಿಂಬೆಹಣ್ಣು, ಮಹಾರಾಜನ ಹಾಗೆ ನಡುವೆ ಕೂತಿತ್ತು. ಅದು ಯಾವ ಕಾಲದ್ದೆಂದು ಅವನಿಗೂ ತಿಳಿಯದು. ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನು ತನಗೆ ತಾನೇ ಗಾಳಿ ಹಾಕಿಕೊಳ್ಳುತ್ತಿತ್ತು. ಬೇಕೇ ಬೇಕಾದ್ದು ಯಾವುದೆಂದು ಕೂತು ಮಾತಾಡಿದಾಗ, ಬೇಕಾದ್ದು ಬುಟ್ಟಿಯಷ್ಟು, ಬೇಡದ್ದು ಬಂಡಿಯಷ್ಟು ಎಂದು ಎಲ್ಲರಿಗೂ ಅರಿವಾಯಿತು. ಕಿರಾಣಿಯವನ ಹೆಂಡತಿ ಮಾತ್ರ ಜಲಪಾತದ ಮುಂದೆ ಅಡ್ಡ ನಿಂತಳು. “ಪ್ರಾಣ ಬೇಕಾದ್ರೆ ಕೇಳು, ಇದನ್ನ ಕೊಡಲ್ಲ.” ಹಗಲಲ್ಲಿ ಎಷ್ಟು ಬೇಕಾದರೂ ಬೀಳಲಿ, ಸಂಜೆ ಮೇಲೆ ಒಣಗಲಿ ಎಂದು ರಾಜಿಯಾಯಿತು.

ಹಿತ್ತಲಿನ ಗುಡ್ಡವನ್ನು ಗುಜರಿಯವನು ಬಂಡಿ ಬಂಡಿ ಹೊತ್ತು ಸಾಗಿಸಿದ. ಅದರಲ್ಲಿ ಬಂದದ್ದು ಮುಂಗಡಕ್ಕೆ ಆಯಿತು. ಉಳಿದದ್ದಕ್ಕೆ, ಇಷ್ಟು ದಿನ ಸವತಿಯ ಬಾಯಿಗೆ ಸುರಿಯುತ್ತಿದ್ದುದನ್ನೇ ಬೀದಿಯವರು ಕಂತು ಕಂತಾಗಿ ಹಲಗೆಗಳಿಗೆ ಕಟ್ಟಲು ಒಪ್ಪಿದರು. ಒಪ್ಪುವಾಗ ಒಂದು ಷರತ್ತು ಹಾಕಿದರು. ಮೊದಲ ಸಂಜೆ ಪರೀಕ್ಷೆ. ಬೆಳಕು ಬಂದರೆ ಸರಿ. ಬರದಿದ್ದರೆ ಹಲಗೆ ವಾಪಸ್ಸು, ಸವತಿ ಮೊದಲಿನಂತೆ ಓಡಬೇಕು, ಅಕ್ಕ ಮತ್ತೆ ಈ ಮಾತು ಎತ್ತಬಾರದು. ಅಕ್ಕ ಗುಬ್ಬಿಯ ಮುಖ ನೆನೆದು ಹೂಂ ಅಂದಳು.

ತಂತಿಯಮ್ಮ ಎಲ್ಲ ಜೋಡಿಸಿ, “ಕತ್ತಲಾದ ಮೇಲೆ ಎಂದಿನ ಹಾಗೆ ಮಾಡಿ, ಅಷ್ಟೇ” ಎಂದು ಹೇಳಿ ತನ್ನ ಮನೆಗೆ ಹೋದಳು.

ಹೊತ್ತು ಮುಳುಗಿತು. ಬೀದಿಯವರು ಎಂದಿನ ಹಾಗೇ ಸ್ವಿಚ್ಚೆಲ್ಲ ಆರಿಸಿಕೊಂಡು ಕೂತರು. ಎಂದಿನ ಹಾಗೇ ಕಿವಿ ನಿಗುರಿಸಿದರು. ಗಡಗಡ ಇಲ್ಲ. ಗುಂಯ್ ಇಲ್ಲ. ಗೋಡೆ ಅಲುಗಲಿಲ್ಲ. ಅಕ್ಕನೂ ತನ್ನ ಮನೆಯ ಹೊಸ್ತಿಲಲ್ಲಿ ಕತ್ತಲಲ್ಲೇ ಕೂತಿದ್ದಳು, ಏನಾದರೂ ಕೇಳಿಸೀತೆಂದು. ಕೇಳಿಸಿದ್ದು ಸೊಳ್ಳೆ ಹಾಡುವುದು ಮಾತ್ರ. ಕತ್ತಲು ಗಟ್ಟಿಯಾಯಿತು. ಒಂದೊಂದೇ ಮನೆಯಲ್ಲಿ ಮೇಣದಬತ್ತಿ ಕಾಣಿಸಿಕೊಂಡಿತು. ಆಮೇಲೆ ಮೇಣದಬತ್ತಿ ಹಿಡಿದವರೆಲ್ಲ ಅಕ್ಕನ ಬಾಗಿಲಿಗೆ ಬಂದು ನಿಂತರು.

“ಅಕ್ಕ, ಬರಲಿಲ್ಲ.”

“ಸ್ವಲ್ಪ ತಾಳ್ರಪ್ಪ. ಹೊಸದು, ನಾಚಿಕೆ ಇರುತ್ತೆ.”

“ಮಾತು ಅಂದ್ರೆ ಮಾತು ಅಕ್ಕ” ಎಂದ ದರ್ಜಿ. ಅವನ ದನಿಯಲ್ಲಿ ಸಿಟ್ಟಿಗಿಂತ ಸಂಕಟವೇ ಹೆಚ್ಚಿತ್ತು. “ಮದುವೆ ಬಟ್ಟೆ ಮೇಜಿನ ಮೇಲಿದೆ.”

ಅಕ್ಕ ಎದ್ದಳು. ಕೊಟ್ಟ ಮಾತಿಗೆ ತಪ್ಪುವ ಹೆಂಗಸಲ್ಲ. ಶೆಡ್ಡಿನ ಬಾಗಿಲು ತಳ್ಳಿ, ಸವತಿಯ ತಣ್ಣನೆಯ ಹಿಡಿಗೆ ಕೈ ಹಾಕಿದಳು. ಹಿಡಿ ತಿರುಗಿಸಿದರೆ ಬೀದಿಗೆ ಬೆಳಕು, ಅವಳ ಮನೆಗೆ ಗುಬ್ಬಿ ಇಲ್ಲ. ಕೈ ಅಲ್ಲೇ ನಿಂತಿತು. “ಗೆದ್ದೆ ಬಿಡೇ ತಾಯಿ” ಎಂದು ಸವತಿಗೆ ಹೇಳಿ, ರೂಢಿಯಂತೆ ಬಟ್ಟೆಗೆ ಕೂಗು ಹಾಕಲು ಬಾಗಿಲಿನತ್ತ ತಿರುಗಿ ಬಾಯಿ ತೆರೆದಳು. ತೆರೆದ ಬಾಯಿ ತೆರೆದೇ ಉಳಿಯಿತು.

ಬಂದು ನಿಂತವರೆಲ್ಲರ ಬೆನ್ನ ಹಿಂದೆ, ಬೀದಿಯ ಕೊನೆಯಲ್ಲಿ ಒಂದು ಕಿಟಕಿ ಹಗಲಿನ ಹಾಗೆ ಬೆಳಗುತ್ತಿತ್ತು. ಬಡಗಿ ತಾತನ ಕಿಟಕಿ.

ಇಡೀ ಬೀದಿ ಮೇಣದಬತ್ತಿ ಹಿಡಿದು ಅಲ್ಲಿಗೆ ಓಡಿತು. ಒಳಗೆ ತಾತ ಉರಿಯುವ ಬಲ್ಬಿನ ಕೆಳಗೆ ಕೂತು ಒಂದು ಸ್ಟೂಲಿನ ಕಾಲಿಗೆ ಉಪ್ಪುಕಾಗದ ತಿಕ್ಕುತ್ತಿದ್ದ. ಬಾಗಿಲು ತುಂಬ ಜನರನ್ನು, ಅವರ ಕೈಯ ಮೇಣದಬತ್ತಿಗಳನ್ನು ನೋಡಿ ಗಾಬರಿಯಾಗಿ ಎದ್ದು ನಿಂತ. “ಯಾರು ಹೋದ್ರು?” ಎಂದು ಕೇಳಿದ.

ಅಕ್ಕ ಬಲ್ಬಿನ ಕಡೆ ಬೆರಳು ತೋರಿಸಿ, ಇದು ಹೇಗೆಂದು ಕೈ ಆಡಿಸಿ ಕೇಳಿದಳು.

“ಕತ್ತಲಾಯ್ತು, ಒತ್ತಿದೆ. ನೀವು ಒತ್ತಲಿಲ್ವಾ?”

ಒಬ್ಬರ ಕೈಯ ಮೇಣದಬತ್ತಿಯನ್ನು ಇನ್ನೊಬ್ಬರು ನೋಡಿದರು. ಆಮೇಲೆ ದರ್ಜಿಯ ಹೆಂಡತಿ ನಗತೊಡಗಿದಳು. ಸದ್ದಿಲ್ಲದೆ ಬೆಳಕು ಬರಬಹುದು ಎಂಬುದು ಆ ಬೀದಿಯಲ್ಲಿ ಕಿವಿಯಿದ್ದ ಒಬ್ಬರಿಗೂ ಹೊಳೆದಿರಲಿಲ್ಲ. ನಗುತ್ತ, ಒಬ್ಬರನ್ನೊಬ್ಬರು ಬೈಯುತ್ತ ಎಲ್ಲರೂ ಮನೆಗಳಿಗೆ ಓಡಿದರು. ಟಪ್ಪ, ಟಪ್ಪ, ಟಪ್ಪ ಎಂದು ಬೀದಿ ಈ ತುದಿಯಿಂದ ಆ ತುದಿಗೆ ಬೆಳಗಿತು. ಅಕ್ಕ ಮಾತ್ರ ತಾತನ ಸ್ಟೂಲಿನ ಮೇಲೆ ಕೂತುಬಿಟ್ಟಳು, ಕಣ್ಣಲ್ಲಿ ನೀರು. “ಅದು ಇನ್ನೂ ಮೂರು ಕಾಲಿನದು, ಬೀಳ್ತೀಯ” ಎಂದ ತಾತ. ಅವಳು ಬಿದ್ದಳು ಕೂಡ.

ಮುಂದಿನ ಕೆಲವು ದಿನ ಬೀದಿಯಲ್ಲಿ ನಡೆದ ಪಜೀತಿ ಹೇಳತೀರದು. ಇಷ್ಟು ಕಾಲ ಸವತಿಯ ಸದ್ದಿನ ಮೇಲೆ ಕೂಗಿ ಮಾತಾಡಿ ರೂಢಿಯಾದ ಜನ ಈಗ ನಿಶ್ಶಬ್ದದಲ್ಲೂ ಕೂಗಿಯೇ ಮಾತಾಡುತ್ತಿದ್ದರು. ದರ್ಜಿ ಹೆಂಡತಿಯ ಕಿವಿಯಲ್ಲಿ ಪ್ರೀತಿಯಿಂದ ಏನೋ ಅಂದದ್ದನ್ನು ಬೀದಿಯೆಲ್ಲ ಕೇಳಿ, ಬೆಳಿಗ್ಗೆ ಅವನಿಗೆ ಅದೇ ಮಾತಿನಿಂದ ನಮಸ್ಕಾರ ಹೇಳಿತು. ಕಿರಾಣಿಯವನಿಗೆ ತಕ್ಕಡಿಯ ಬಗ್ಗೆ ಅವನ ಹೆಂಡತಿ ಕೊಟ್ಟ ಸಲಹೆ ಎಲ್ಲರಿಗೂ ಕೇಳಿ, ಮರುದಿನದಿಂದ ಆ ತಕ್ಕಡಿ ಸರಿಯಾಗಿ ತೂಗತೊಡಗಿತು. ಮೆಲ್ಲಗೆ ಮಾತಾಡುವುದನ್ನು ಬೀದಿ ನಡೆಯಲು ಕಲಿಯುವ ಕೂಸಿನ ಹಾಗೆ ಕಲಿಯಿತು.

ಸವತಿಯನ್ನು ಗುಜರಿಯವನ ಲಾರಿಗೆ ಏರಿಸುವ ದಿನ ಅಕ್ಕ ಅದರ ಮೈಯನ್ನು ಗಂಡ ಒರೆಸುತ್ತಿದ್ದ ಹಾಗೇ ಒರೆಸಿದಳು. “ನಿನ್ನ ಅನ್ನ ತಿಂದಿದೀನಿ, ಇಲ್ಲ ಅನ್ನಲ್ಲ. ಆದ್ರೆ ಮತ್ತೆ ಬರಬೇಡ” ಎಂದಳು.

ಅದೇ ಸಂಜೆ ಮಗಳು, ಅಳಿಯ, ಗುಬ್ಬಿ ಗಂಟುಮೂಟೆಯೊಂದಿಗೆ ಬಂದಿಳಿದರು. ಅಳಿಯ ಒಳಗೆ ಕಾಲಿಡುತ್ತಲೇ, “ಅತ್ತೆ, ಈಗಲಾದ್ರೂ ಡಾಕ್ಟ್ರ ಮುಂದೆ ನನ್ನ ಮರ್ಯಾದೆ ಉಳೀತು” ಎಂದ. ಮಗಳು ಅಂದು ಮಲಗುವ ಹೊತ್ತಿನವರೆಗೂ ಗುಬ್ಬಿಯ ಬೆನ್ನಿಗೆ ಕಿವಿ ಹಚ್ಚಿ ಹಚ್ಚಿ ನೋಡಿದಳು. ಕೊಳಲಿನ ಸದ್ದು ಇರಲಿಲ್ಲ. ಉಬ್ಬಸ ಒಂದೇ ದಿನಕ್ಕೆ ಪೂರಾ ಹೋಗಲಿಲ್ಲ, ಅದೂ ನಿಜ. ಚಳಿಗಾಲಕ್ಕೊಮ್ಮೆ ಬಂದು ಹೆದರಿಸಿ ಹೋಗುತ್ತಿತ್ತು, ಆಮೇಲೆ ಅದಕ್ಕೂ ಬೇಸರವಾಯಿತೇನೋ, ಬರುವುದನ್ನೇ ಬಿಟ್ಟಿತು. ದರ್ಜಿ ಒಂದು ಥಾನು ಬಿಳಿ ಬಟ್ಟೆ ತರಿಸಿದ. ಆ ವರ್ಷ ಬೀದಿಯ ಮಕ್ಕಳೆಲ್ಲ ಕೊಕ್ಕರೆಗಳ ಹಾಗೆ ಓಡಾಡಿದವು. ಹಿತ್ತಲಿನ ಕರಿ ನೆಲವನ್ನು ಅಕ್ಕ ಅಗೆದು ತೆಗೆಸಿ ಹೊಸ ಮಣ್ಣು ಹಾಕಿಸಿದಳು. ಮೊದಲು ಬಂದದ್ದು ಕಳೆ. “ಬರಲಿ ಬಿಡೇ, ಏನೋ ಒಂದು ಬಂತಲ್ಲ” ಎಂದು ಅದಕ್ಕೂ ನೀರು ಹಾಕಿದಳು. ಡೀಸೆಲ್ ಅಕ್ಕ ಎಂಬ ಹೆಸರನ್ನು ಮಾತ್ರ ಯಾರೂ ಬದಲಿಸಲಿಲ್ಲ, ಅವಳಿಗೂ ಬದಲಿಸುವುದು ಬೇಕಿರಲಿಲ್ಲ.

ಅಕ್ಕ ಹಣ್ಣುಹಣ್ಣು ಮುದುಕಿಯಾಗಿ, ಒಂದು ಬೆಳಿಗ್ಗೆ ಚಹಾ ಕುಡಿದು, “ಸ್ವಲ್ಪ ಒರಗ್ತೀನಿ” ಎಂದು ಒರಗಿದವಳು ಹಾಗೇ ಹೊರಟುಹೋದಳು. ದೇಹ ಸಾಗಿಸುವ ವ್ಯಾನು ಬಂದು ಬಾಗಿಲಲ್ಲಿ ಗುರ್ ಎನ್ನುತ್ತ ನಿಂತಿತು. ಗುಬ್ಬಿ ಹೊರಗೆ ಬಂದಳು. ಈಗ ಅವಳು ಎತ್ತರದ, ಅಗಲ ಭುಜದ ಹೆಂಗಸು. ದಿನವೂ ಶಾಲೆಯ ಮೈದಾನದಲ್ಲಿ ಮಕ್ಕಳ ಜೊತೆ ಓಡಿ, ಓಡಿಸಿ ಅನ್ನ ಗಳಿಸುವವಳು.

“ನಾವೇ ಹೊತ್ಕೊಂಡು ಹೋಗ್ತೀವಿ” ಎಂದು ಡ್ರೈವರನಿಗೆ ಹೇಳಿದಳು.

“ಸ್ಮಶಾನದತನಕ ಬರೀ ಏರು ಕಣಮ್ಮ” ಎಂದು ಮುದುಕನಾಗಿದ್ದ ದರ್ಜಿ ಮೆಲ್ಲಗೆ ಹೇಳಿದ. “ನಡು ನಡುವೆ ಹೆಗಲು ಬದಲಿಸಬೇಕಾಗುತ್ತೆ. ನಿಂಗೆ ಉಸಿರು ಹತ್ತುತ್ತೆ.”

“ನಂಗಾ ಮಾವ?” ಎಂದು ಗುಬ್ಬಿ ಅಳುವಿನ ನಡುವೆಯೇ ನಕ್ಕಳು.

ಚಟ್ಟದ ಮುಂದಿನ ಬಲಗಡೆಗೆ ಹೆಗಲು ಕೊಟ್ಟಳು. ಬಾಗಿಲು ಕಿರಿದು, ತಲೆ ತಗ್ಗಿಸಿ, ಅಜ್ಜಿಯನ್ನು ಎಲ್ಲಿಯೂ ತಾಗದ ಹಾಗೆ ಹೊಸ್ತಿಲು ದಾಟಿಸಿದರು. ಬೀದಿ ಅವರ ಹಿಂದೆ ಹೊರಟಿತು. ಏರು ಶುರುವಾಗುವಲ್ಲಿ ಗುಬ್ಬಿ ತುಂಬು ಉಸಿರೊಂದನ್ನು ಎಳೆದುಕೊಂಡು, ಹೆಜ್ಜೆ ನಿಧಾನಿಸದೆ ಹತ್ತತೊಡಗಿದಳು.